ತೊಟ್ಟು ಬಿಡಿಸುವ ಯಂತ್ರವೂ ಅವ್ವನ ಚಮಚವೂ

ಚಿಕ್ಕವನಿದ್ದಾಗ ಅವ್ವ ನನಗೆ ಚಮಚದಲ್ಲಿ ಉಣಿಸುತ್ತಿದ್ದಳು. ಬ್ಯಾಡಗಿಯ ನಮ್ಮ ಓಣಿಯ ಮಕ್ಕಳೆಲ್ಲ ಕೈತುತ್ತು ತಿನ್ನುವಾಗ ನನ್ನೊಬ್ಬನಿಗೆ ಸ್ಟೀಲ್ ಚಮಚ. ಸಾಹೇಬರ ಮಗ ಎಂದು ಚೇಷ್ಟೆ ಮಾಡುತ್ತಿದ್ದರು. ನಾನೂ ಹಾಗೇ ತಿಳಿದು ಬೀಗುತ್ತಿದ್ದೆ. ದಿನವಿಡೀ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಅವ್ವನ ಬೆರಳು ತಾಗಿದರೆ ನನ್ನ ತುಟಿಗೆ ಉರಿ ಹತ್ತುತ್ತಿತ್ತು, ಚಮಚ ಅದಕ್ಕೇ ಎಂಬುದು ತಿಳಿಯುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು.

ಮೀಸೆಯ ಹಿಂದೆಯೇ ಎಂಜಿನಿಯರಿಂಗ್ ಪದವಿಯೂ ಬಂತು. ರಾಣೆಬೆನ್ನೂರಿನಲ್ಲಿ ಕೃಷಿ ಯಂತ್ರ ತಯಾರಿಸುವ ವರ್ಕ್‌ಶಾಪಿನಲ್ಲಿ ವಿನ್ಯಾಸಕಾರನಾದೆ, ಮನೆಯಿಂದಲೇ ದಿನಾ ಓಡಾಡುತ್ತಿದ್ದೆ. ತೊಟ್ಟು ಬಿಡಿಸುವ ಯಂತ್ರ ಮಾಡಬೇಕು, ಅವ್ವನ ಕೈಯ ಉರಿ ತಪ್ಪಿಸಬೇಕು ಎಂಬುದೊಂದೇ ನನ್ನ ಆಸೆ. ಆದರೆ ಆಸೆಯಿಂದ ಯಂತ್ರವಾಗುವುದಿಲ್ಲ, ಪದ್ಧತಿ ಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ನಮ್ಮ ಮಾಲಕರಿಗಂತೂ ಪದ್ಧತಿಯ ಹುಚ್ಚು. ಚಿತ್ರ ಬಿಡಿಸಲು ಹೊಸ ಸಾಫ್ಟ್‌ವೇರ್ ತರಿಸಿದರು, ಗೋಡೆ ತುಂಬ ಬಣ್ಣದ ಚೀಟಿ ಹಚ್ಚಿಸಿದರು. ಒಂದೊಂದು ಕಲ್ಪನೆಗೂ ಅಂಕ ಕೊಡುವ ತಖ್ತೆ ಮಾಡಿದೆವು. ತೊಟ್ಟು ಕೀಳಲು ಮಾಲಕರು ಮೆಚ್ಚಿದ ರಬ್ಬರ್ ರೋಲರ್ ಅದರಲ್ಲಿ ಸೋತಿತು. ಅದು ಗೆಲ್ಲುವವರೆಗೆ ಅಂಕ ತಿದ್ದಿದೆವು.

ಬಳಕೆದಾರರನ್ನು ಕೇಳಿ ಎಂಬುದು ಪದ್ಧತಿಯ ಮೊದಲ ನಿಯಮ. ಬಳಕೆದಾರರೆಂದರೆ ಯಂತ್ರ ಕೊಳ್ಳುವವರು ತಾನೇ? ಫಾರ್ಮ್ ಹಿಡಿದು ಮೆಣಸಿನಕಾಯಿ ವ್ಯಾಪಾರಸ್ಥರೊಬ್ಬರ ಮುಂದೆ ಕೂತೆ. ಕಾಯಿಯಲ್ಲಿ ತೇವ ಎಷ್ಟಿರುತ್ತದೆ ಎಂದು ಕೇಳಿದೆ.

“ನಮ್ಮಲ್ಲಿ ನೀರು ಗೀರು ಏನಿಲ್ರಿ. ಎಲ್ಲಾ ಖಡಕ್ ಒಣಗಿದ ಮಾಲು,” ಎಂದರು.

ನೀರು ಕುಡಿದ ಕಾಯಿ ಹೆಚ್ಚು ತೂಗುತ್ತದೆ, ಕೊಳ್ಳುವವನಿಗೆ ಮೋಸ. ಹೀಗಾಗಿ ಆ ಪ್ರಶ್ನೆಗೆ ಬೇರೆ ಉತ್ತರ ಕೊಡುವ ವ್ಯಾಪಾರಸ್ಥ ಇನ್ನೂ ಹುಟ್ಟಿಲ್ಲ. ಮೆಣಸಿನಕಾಯಿ ಘಾಟಿನಲ್ಲೇ ಬೆಳೆದ ನಾನು ಅವರ ಮಾತನ್ನು ಸಹಿ ಸಮೇತ ಬರೆದುಕೊಂಡೆ. ಕಟಕಟ ಒಣಗಿಸಿದ ಕಾಯಿ ಹಾಕಿ ಪರೀಕ್ಷೆ ಮಾಡಿದರೆ ತೊಟ್ಟುಗಳು ಪಟಪಟ ಉದುರಿದವು. ಹಾವೇರಿಯಲ್ಲಿ ಪ್ರದರ್ಶನಕ್ಕಿಟ್ಟಾಗ ನನಗೆ ಶಾಲು ಹೊದಿಸಿದರು.

ಮರುವಾರ ಯಂತ್ರವನ್ನು ಅವ್ವ ದುಡಿಯುವ ಶೆಡ್ಡಿಗೇ ಒಯ್ದೆವು. ಅವಳೆದುರು ಗುಂಡಿ ಒತ್ತುವಾಗ ನನ್ನ ಎದೆ ಉಬ್ಬಿತ್ತು. ಹೆಂಗಸರು ಸಿದ್ಧ ಮಾಡಿಟ್ಟಿದ್ದ ರಾಶಿಯಿಂದ ಒಂದು ಬುಟ್ಟಿ ಕಾಯಿ ಸುರಿದೆ. ಅವು ಒದ್ದೆ ಅರಿವೆಯಂತೆ ರೋಲರಿಗೆ ಸುತ್ತಿಕೊಂಡವು. ಯಂತ್ರ ಗುರ್ ಎಂದು ನಿಂತಿತು. ಒಂದೂ ತೊಟ್ಟು ಉದುರಲಿಲ್ಲ.

“ಮುಂಜಾನೆ ನೀರು ಚಿಮಕಿಸಿ ಮೆತ್ತಗ ಮಾಡತೇವಲ್ಲೋ,” ಎಂದಳು ಅವ್ವ. “ಇಲ್ಲಂದ್ರ ತೊಟ್ಟು ಬಿಡಸೂವಾಗ ಕಾಯಿ ಒಡದು ಬೀಜ ಉದರತಾವ. ಸಣ್ಣಾಂವ ಇದ್ದಾಗ ನೀನ ತಂಬಿಗಿ ತುಂಬಿ ಕೊಡತಿದ್ದಿ. ಮರತೀಯೇನು?”

ಮರೆತಿದ್ದೆ. ಒಂದೇ ಮನೆಯಲ್ಲಿ ಉಂಡು ಮಲಗುತ್ತಿದ್ದರೂ ನನ್ನ ಫಾರ್ಮ್ ಅವಳ ತನಕ ಹೋಗಿರಲಿಲ್ಲ. ಅವಳಿಗೆ ಸಹಿ ಬರುವುದಿಲ್ಲ ಎಂಬುದು ಹೇಳಿಕೊಳ್ಳುವ ಕಾರಣ. ಅವಳಿಗೇನು ಗೊತ್ತು ಎಂಬುದು ಖರೇ ಕಾರಣ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಾನು ಅದಕ್ಕೆ ಸಾಫ್ಟ್‌ವೇರ್ ಹಚ್ಚಿ ಕೂತಿದ್ದೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಇದಕ್ಕಿಂತ ದೊಡ್ಡ ಸಾಫ್ಟ್‌ವೇರ್ ತರಿಸೋಣವೇ ಎಂದು ಮಾಲಕರು ಕೇಳಿದರು. ಒಂದು ಗೋಣಿಚೀಲ ಸಾಕು ಎಂದೆ. ಮರುದಿನ ಅದನ್ನು ಹಾಸಿಕೊಂಡು ಹೆಂಗಸರ ನಡುವೆ ತೊಟ್ಟು ಬಿಡಿಸಲು ಕೂತೆ. ಮಧ್ಯಾಹ್ನದ ಹೊತ್ತಿಗೆ ಹತ್ತೂ ಬೆರಳು ಕೆಂಡ. ತೊಳೆದಷ್ಟೂ ಉರಿ ಹೆಚ್ಚಾಯಿತು. ಊಟಕ್ಕೆ ಕೂತು ಡಬ್ಬಿಯ ಅನ್ನಕ್ಕೆ ಕೈ ಚಾಚಿದಾಗ ಅವ್ವ ತಡೆದಳು. ತನ್ನ ಗಂಟಿನಿಂದ ಸ್ಟೀಲ್ ಚಮಚ ತೆಗೆದು ಅನ್ನ ಕಲಸಿದಳು.

“ಕೈ ಹಚ್ಚಬ್ಯಾಡ. ಬಾಯಿ ತಗಿ,” ಎಂದಳು.

ಅಷ್ಟೂ ಹೆಂಗಸರೆದುರು, ಹಾವೇರಿಯಲ್ಲಿ ಶಾಲು ಹೊದಿಸಿಕೊಂಡ ಎಂಜಿನಿಯರನಾದ ನಾನು ಬಾಯಿ ತೆರೆದೆ.