ಪಣಜಿಗೆ ಕಳಿಸಿದ ಖಾರಪುಡಿ

ಪಲ್ಲು, ಆ ದಿನ ನಿನ್ನ ನಾಲಿಗೆ ಕೆಟ್ಟಿರಲಿಲ್ಲ. ನಾನು ಕಳಿಸಿದ ಖಾರಪುಡಿಯಲ್ಲಿ ಬೆಂಕಿಯಂಥ ಗುಂಟೂರು ಮೆಣಸಿನಕಾಯಿ ಕೂಡಿಸಿದ್ದೆ. ಮರೆತು ಆದದ್ದಲ್ಲ, ಕೈತಪ್ಪಿ ಆದದ್ದಲ್ಲ, ಬೇಕಂತಲೇ ಕೂಡಿಸಿದ್ದೆ. ನೀನು ಪಣಜಿಯ ಸ್ಪರ್ಧೆಯಲ್ಲಿ ಸೋಲಬೇಕು, ಸೋತು ತಿರುಗಿ ಬರಬೇಕು ಅಂತ ನಿಮ್ಮವ್ವನನ್ನು ಹೆತ್ತ ಈ ಆಯಿ ಮಾಡಿದ ಕೆಲಸ ಇದು.

ಬರೆದೆನವ್ವಾ. ಬರೆದರೆ ಎದೆ ಹಗುರಾಗುತ್ತದೆ ಅಂತಾರೆ, ಸುಳ್ಳು. ಈ ಹಾಳೆ ಹರಿದು ಒಲೆಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಮೂರು ವರ್ಷ ತಿಳಿದಿಲ್ಲ, ಇನ್ನು ಮೇಲೂ— ಇಲ್ಲ. ಬರೆಯುತ್ತೇನೆ.

ನಿನ್ನೆ ಮುಂಜಾನೆ ರಾಣೆಬೆನ್ನೂರಿನಿಂದ ನಿಮ್ಮವ್ವ ಫೋನ್ ಮಾಡಿದಳು. "ಯವ್ವಾ, ಪಲ್ಲವಿನ್ನ ಇಡೀ ಕೌಂಟರಿಗೆ ಹೆಡ್ ಮಾಡ್ತಾರಂತ. ಯಾವ ಕಾಕ್‌ಟೇಲ್ ಇರಬೇಕು, ಯಾವುದು ಬ್ಯಾಡ, ಎಲ್ಲಾ ಅಕಿ ಹೇಳಿದಂಗ ಅಂತ!" ನನ್ನ ಖುಷಿ ಹೇಗೆ ಹೇಳಲಿ? ಓಣಿಯಲ್ಲಿ ಎದುರಿಗೆ ಬಂದ ಎಮ್ಮೆಗೂ ಹೇಳಬೇಕು ಅನ್ನಿಸಿತು. ಪೇಡೆ ತಂದು ಆರು ಮನೆಗೆ ಹಂಚಿದೆ. ಯಾತರದು ಅಂದವರಿಗೆ, "ನನ್ನ ಮೊಮ್ಮಗಳು ಬಾರ್‌ಟೆಂಡರ್, ಈಗ ಬಾರ್‌ಟೆಂಡರುಗಳಿಗೆಲ್ಲ ದೊಡ್ಡಕಿ ಆದಳು" ಅಂದೆ. ಇಷ್ಟು ವರ್ಷ ಹೋಟೆಲಿನಲ್ಲಿ ಇದ್ದಾಳೆ ಅಂತ ಮಾತು ತೇಲಿಸುತ್ತಿದ್ದವಳು, ಆ ಶಬ್ದವನ್ನು ನಡುಬೀದಿಯಲ್ಲಿ ನಿಂತು ಗಟ್ಟಿಯಾಗಿ ಅಂದೆ.

ಸಂಜೆಗೆ ನಿಮ್ಮವ್ವನ ಫೋನು ಮತ್ತೆ ಬಂತು. ಧ್ವನಿ ಸಣ್ಣಗಾಗಿತ್ತು. "ಒಲ್ಲೆ ಅಂತಾಳವಾ. ಕಡೀ ರುಚಿ ನೋಡಿ ಹೂಂ ಅನ್ನೋದ ಹೆಡ್ ಕೆಲಸ ಅಂತ. ನನ್ನ ನಾಲಿಗಿ ನಂಬಾಂಗಿಲ್ಲ, ಅವತ್ತ ಆಯೀನ ಹೇಳಿದ್ಲಲ್ಲ ಅಂತಾಳ. ಸೋಮವಾರ ಮಾಲಕರಿಗೆ ಇಲ್ಲಂತ ಹೇಳಾಕಿ."

ಆಯೀನ ಹೇಳಿದ್ಲಲ್ಲ— ಅಲ್ಲೇ ಕಟ್ಟೆಯ ಮೇಲೆ ಕುಂತುಬಿಟ್ಟೆ.

ನಿನ್ನ ಮೂಗು, ನಿನ್ನ ನಾಲಿಗೆ ಎಂಥವು ಅನ್ನುವುದು ನನಗಿಂತ ಹೆಚ್ಚು ಯಾರಿಗೆ ಗೊತ್ತು? ಐದು ವರ್ಷದವಳು, ಬೇಸಿಗೆ ರಜೆಗೆ ಬಂದರೆ ನನ್ನ ಬೆನ್ನು ಹತ್ತಿ ಮಾರ್ಕೆಟ್ಟಿನ ಕೆಲಸಕ್ಕೆ ಬರುತ್ತಿದ್ದಿ. ನಾವು ಹೆಂಗಸರು ಸಾಲಾಗಿ ಕುಂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರೆ ನೀನು ಕಣ್ಣು ಮುಚ್ಚಿ ಒಂದೊಂದೇ ಕಾಯಿ ಮೂಸಿ, "ಇದು ಹೊಸಾದು, ಇದು ಕೋಲ್ಡ್ ಸ್ಟೋರೇಜಿಂದು" ಅಂತಿದ್ದಿ. ಒಂದೂ ತಪ್ಪುತ್ತಿರಲಿಲ್ಲ. ನನ್ನ ಜೋಡಿ ಕೂಡುತ್ತಿದ್ದ ಶಾಂತವ್ವ ನಿನ್ನ ಗಲ್ಲ ಹಿಂಡಿ, "ಈ ಮೂಗು ದಲಾಲರ ಕಣ್ಣಿಗೆ ಬಿದ್ದರ ಹೊತಗೊಂಡು ಹೋಗ್ತಾರ, ಸೆರಗಿನಾಗ ಮುಚ್ಚಿಟಗೋ" ಅಂತ ನಗುತ್ತಿದ್ದಳು.

ಅದೇ ಶಾಂತವ್ವ, ನೀನು ಹುಬ್ಬಳ್ಳಿಯಲ್ಲಿ ಹೋಟೆಲ್ ಕೋರ್ಸ್ ಮುಗಿಸಿ ಪಣಜಿಯ ಬಾರಿಗೆ ಸೇರಿದ ಮೇಲೆ ಅಂದಳು: "ನಿನ್ನ ಮೊಮ್ಮಗಳು ಗಂಡಸರಿಗೆ ಹಾಕಿ ಕೊಡ್ತಾಳಂತಲ್ಲ? ಚಲೋ ಆತು ಬಿಡವಾ, ವರಾ ಹುಡುಕೋ ತ್ರಾಸ ತಪ್ಪಿತು." ಎಲ್ಲರೂ ನಕ್ಕರು. ನಾನೂ ನಕ್ಕೆ, ಪಲ್ಲು. ಎದ್ದು ಬರಲಿಲ್ಲ, ಬಯ್ಯಲಿಲ್ಲ, ಅವರ ಕೂಡ ಕುಂತು ನಕ್ಕೆ.

ಬಾರು ಅಂದರೆ ನನಗೆ ಗೊತ್ತಿದ್ದುದು ಬಸ್ ಸ್ಟ್ಯಾಂಡಿನ ಹಿಂದಿನದು ಒಂದೇ. ಹಸಿರು ಪರದೆ, ಹೊರಗೆ ಮೆಟ್ಟಿಲ ಮೇಲೆ ಬಿದ್ದುಕೊಂಡ ಗಂಡಸರು. ಆ ಪರದೆಯ ಹಿಂದೆ ನೀನು ನಿಂತಂತೆ ಕಾಣುತ್ತಿತ್ತು. ಎರಡು ಸಲ ರಿಂಗಾಗಿ ನೀನು ಫೋನ್ ಎತ್ತದಿದ್ದರೆ ನಿಮ್ಮವ್ವನಿಗೆ ಹಚ್ಚಿ ಕೇಳುತ್ತಿದ್ದೆ.

ನೀನೋ, ನನ್ನ ಹೆದರಿಕೆ ಕಳೆಯಬೇಕು ಅಂತ ದೀಪಾವಳಿಗೆ ಬಂದಾಗ ನನ್ನ ಅಡಿಗೆಮನೆಯಲ್ಲೇ ಮಾಡಿ ತೋರಿಸಿದಿ. "ನೀ ಸಾರಿಗೆ ಒಗ್ಗರಣಿ ಕೊಡ್ತೀಯಲ್ಲ ಆಯಿ, ಇದೂ ಹಂಗ" ಅಂದಿ. ಹುಣಸೆಹಣ್ಣಿನ ರಸ, ಬೆಲ್ಲ, ನಾನು ಒರಳಲ್ಲಿ ಕುಟ್ಟಿದ ಖಾರಪುಡಿ, ಲಿಂಬೆ, ತಣ್ಣನೆ ಬರ್ಫದ ತುಂಡು. ಸ್ಟೀಲ್ ಡಬ್ಬಿಗೆ ಮುಚ್ಚಳ ಬಿಗಿದು ಕುಲುಕಿದಿ. ಕೆಂಡದ ಮೇಲೆ ಚಿಟಿಕೆ ಪುಡಿ ಉದುರಿಸಿ, ಗ್ಲಾಸು ಡಬ್ಬು ಹಾಕಿ ಹೊಗೆ ಹಿಡಿದಿ. "ಅಲ್ಲಿ ಇದಕ್ಕ ಒಂದೀಟು ಫೆನಿ ಸೆರೆ ಹಾಕ್ತೀನಿ, ನಿನಗ ಹಾಕಿಲ್ಲ, ಅಂಜಬ್ಯಾಡ" ಅಂದಿ. ಕುಂಕುಮದ ಬಣ್ಣ! "ನೋಡಿದವ್ರು ಖಾರ ಅಂತ ಹೆದರಬೇಕು ಆಯಿ, ಕುಡಿದ ಮ್ಯಾಲ ನಗಬೇಕು." ನಾನು ಹೆದರುತ್ತಲೇ ಬಾಯಿಗೆ ಇಟ್ಟೆ. ಸಿಹಿ, ಹುಳಿ, ಹಿಂದಿನಿಂದ ಸಣ್ಣಗೆ ಹೊಗೆ... ನಕ್ಕೆ, ಖರೇನೇ ನಕ್ಕೆ.

ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ನಿನ್ನ ಕಾಕ್‌ಟೇಲು ನಿಂತದ್ದು ಅದರ ಮೇಲೆಯೇ. ಅದನ್ನು ನೀನೇ ನನಗೆ ತಿಳಿಸಿ ಹೇಳಿದ್ದಿ. ತಿಳಿದದ್ದರಿಂದಲೇ ಎಲ್ಲಿ ಹೊಡೆದರೆ ಬೀಳುತ್ತದೆ ಅನ್ನುವುದೂ ನನಗೆ ತಿಳಿಯಿತು.

ಪಣಜಿಯ ಕಾಕ್‌ಟೇಲ್ ಸ್ಪರ್ಧೆಗೆ ಎಂಟು ದಿನ ಇರುವಾಗ ಹೊಸ ಪುಡಿ ಕೇಳಿದಿ. ಗೆದ್ದರೆ ಪರದೇಶಕ್ಕೆ ಕಳಿಸಿ ಕಲಿಸುತ್ತಾರೆ ಅಂದಿ. ಕುಣಿದಾಡುತ್ತಿದ್ದಿ ಫೋನಿನಲ್ಲಿ. ಅವತ್ತು ಕೆಲಸ ಮುಗಿದ ಮೇಲೆ ಎರಡು ಹಿಡಿ ಗುಂಟೂರು ಕಾಯಿ ಉಡಿಯಲ್ಲಿ ಕಟ್ಟಿಕೊಂಡು ಬಂದೆ. ನಾಲ್ಕು ಹಿಡಿ ಡಬ್ಬಿ ಕಾಯಿ, ಬ್ಯಾಡಗಿ ಕಾಯಿಯಲ್ಲೇ ಎಲ್ಲಕ್ಕೂ ಕೆಂಪು ಜಾತಿ ಅದು, ಅದರ ಜೊತೆ ಕೂಡಿಸಿ ಹುರಿದೆ. ಈ ಊರಲ್ಲಿ ಘಾಟಿನ ಮೇಲೆಯೇ ಯಾವ ಕಾಯಿ ಅಂತ ಹೇಳುವವರಿದ್ದಾರೆ. ಅದಕ್ಕೆ ಬಾಗಿಲು, ಕಿಟಕಿ ಹಾಕಿದೆ. ಕೆಮ್ಮು ಹೊರಗೆ ಕೇಳಬಾರದು ಅಂತ ಬಾಯಿಗೆ ಸೆರಗು ತುರುಕಿಕೊಂಡೆ. ಹಾಗೆ ಮಾಡುವಾಗಾದರೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕುಟ್ಟಿದೆ, ಜರಡಿ ಹಿಡಿದೆ, ಕಟ್ಟಿದೆ, ಕಳಿಸಿದೆ.

ಇಷ್ಟೇ ಆಗಿದ್ದರೆ... ಸ್ಪರ್ಧೆಯ ದಿನ ಬೆಳಿಗ್ಗೆ ನಿನ್ನ ಫೋನು ಬಂತು.

"ಆಯಿ, ಈ ಪುಡಿ ಯಾಕೋ ಖಾರ ಅನಸಾಕತ್ತೈತಿ. ಕಾಯಿ ಅದ ಐತಿ ಹೌದಿಲ್ಲೋ?"

ಗೊತ್ತು ಹಿಡಿದಿದ್ದಿ, ಮಗಳೇ. ಐದು ವರ್ಷಕ್ಕೆ ಹಿಡಿದಂತೆ. ಆಗ ಹೌದು, ಬೇರೆ ಕೂಡೈತಿ, ಹಾಕಬ್ಯಾಡ ಅಂದಿದ್ದರೆ ನಿನ್ನ ಹತ್ತಿರ ಹಳೆಯ ಪುಡಿ ಸ್ವಲ್ಪ ಇತ್ತು. ನಾನು ಅಂದದ್ದು ಬೇರೆ.

"ಕಾಯಿ ಅದ ಐತಿ. ನಿನ್ನ ನಾಲಿಗಿ ಕೆಟ್ಟೈತಿ, ತಂಗಿ."

ನೀನು ಇನ್ನೊಮ್ಮೆ ಚಪ್ಪರಿಸಿ ನೋಡಿದ್ದು ಕೇಳಿಸಿತು. ಆಮೇಲೆ, "ಇರಬೇಕು ಬಿಡಾಯಿ, ಗಾಬರ್ಯಾಗೇನಿ" ಅಂದಿ. ನನ್ನ ಮಾತು ನಂಬಿ ನಿನ್ನ ಬಾಯಿಯನ್ನು ಬಿಟ್ಟುಕೊಟ್ಟಿ.

ಆದದ್ದನ್ನು ನೀನೇ ಹೇಳಿದ್ದಿ. ಮೊದಲು ಕುಡಿದ ತೀರ್ಪುಗಾರರು ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು ಗ್ಲಾಸು ಕೆಳಗಿಟ್ಟರಂತೆ. ಕೊಡುವ ಮೊದಲು ರುಚಿ ನೋಡಿದ್ದೀಯಾ ಅಂತ ಅಷ್ಟು ಜನರ ಎದುರು ಕೇಳಿದರಂತೆ. ನೋಡಿದ್ದೇನೆ ಅಂದಿಯಂತೆ. ಯಾರೋ ನಕ್ಕರಂತೆ.

ನೀನು ಕೆಲಸ ಬಿಟ್ಟು ತಿರುಗಿ ಬಂದಿ. ನಾನು ಬೇಡಿದ್ದು ಆಯಿತು. ಒಂದು ತಿಂಗಳು ಸಪ್ಪೆ ಅನ್ನ ತಿಂದಿ, ನಾಲಿಗೆ ನೆಟ್ಟಗಾಗಲಿ ಅಂತ. ದಿನಕ್ಕೆ ಮೂರು ಸಲ ನಾಲಿಗೆ ಕೆರೆದು ರಕ್ತ ಬರಿಸಿಕೊಂಡಿ. ಹಾವೇರಿಯಲ್ಲಿ ಡಾಕ್ಟರು ಬ್ಯಾಟರಿ ಹಚ್ಚಿ ನೋಡಿ ಏನೂ ಆಗಿಲ್ಲ ಅಂದರು. ನಾನು ಅಲ್ಲೇ ಬಾಕಿನ ಮೇಲೆ ಇದ್ದೆ. ಬಾಯಿ ಬಿಡಲಿಲ್ಲ. ಕದರಮಂಡಲಗಿಗೆ ಕರಕೊಂಡು ಹೋದೆ. ನೀನು ಹನುಮಪ್ಪನ ಮುಂದೆ ಕಣ್ಣು ಮುಚ್ಚಿ, ನನ್ನ ನಾಲಿಗಿ ನನಗ ಕೊಡಪ್ಪಾ ಅಂತ ಪಿಸುಗುಟ್ಟಿದ್ದು ಕೇಳಿಸಿತು. ನನ್ನ ಕೈಯಲ್ಲಿ ಹರಕೆಯ ತೆಂಗಿನಕಾಯಿ ಇತ್ತು— ನೀನು ಸೋತು ಬಂದದ್ದಕ್ಕೆ ಹೊತ್ತಿದ್ದ ಹರಕೆ. ಒಡೆಸಿದೆ. ಪ್ರಸಾದದ ಹೋಳು ನಿನ್ನ ಕೈಗೇ ಕೊಟ್ಟೆ. ಆವತ್ತಿನಿಂದ ದೇವರ ಎದುರು ನಿಲ್ಲಲು ನನಗೆ ಹೆದರಿಕೆ.

ಜನರ ಬಾಯಿಗೆ ಅಂಜಿ ಮಾಡಿದೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಬರೆಯುತ್ತ ಕುಂತರೆ ಅದೂ ಪೂರ್ತಿ ಖರೇ ಅಲ್ಲ ಅನ್ನಿಸುತ್ತದೆ. ಫೋನಿನಲ್ಲಿ ನೀನು ನಗುತ್ತಿದ್ದ ನಗು ಹೊಸದಾಗಿತ್ತು, ಅದರಲ್ಲಿ ನನಗೆ ಜಾಗ ಇರಲಿಲ್ಲ. ಪರದೇಶಕ್ಕೆ ಹೋದರೆ ಆಯಿಯ ಪುಡಿ ಇನ್ನು ಯಾಕೆ ಬೇಕು ಇವಳಿಗೆ— ಇಂಥದೇ ಏನೋ. ಇದಕ್ಕೆ ಏನು ಹೆಸರು ಇಡಬೇಕೋ ಇಡು. ಮಾಫ್ ಮಾಡು ಅಂತ ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದೆ.

ವರ್ಷದ ಮೇಲೆ ನೀನು ಮತ್ತೆ ಪಣಜಿಗೆ ಹೋಗಿ, ಗ್ಲಾಸು ತೊಳೆಯುವ ಕೆಲಸದಿಂದ ಹಿಡಿದು ಮೇಲೆ ಬಂದಿ. ಇವತ್ತಿಗೂ ಒಂದು ಗ್ಲಾಸು ಹೊರಗೆ ಕಳಿಸುವ ಮೊದಲು ಬೇರೆಯವರ ಬಾಯಿಗೆ ಕೊಟ್ಟು ಕೇಳುತ್ತೀಯಂತೆ. ಕೇಳಬೇಡ. ನಿನ್ನ ನಾಲಿಗೆ ಒಮ್ಮೆಯೂ ತಪ್ಪಿಲ್ಲ.

ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ಇಲ್ಲ. ಹೇಳಲು ಹೋದರೆ ಮತ್ತೆ ಸುಳ್ಳು ಹೊರಟೀತು ಅನ್ನುವ ಹೆದರಿಕೆ. ಅದಕ್ಕೆ ಸೋಮವಾರದೊಳಗೆ ಮುಟ್ಟುವಂತೆ ನಾಳೆ ಬೆಳಗಿನ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಪಣಜಿಯ ಬಸ್ಸು ಹಿಡಿಯುತ್ತೇನೆ. ಈ ಹಾಳೆ ನಿನ್ನ ಕೈಗೆ ಕೊಟ್ಟು ಎದುರಿಗೇ ಕೂಡುತ್ತೇನೆ. ನೀನು ಓದುವಾಗ ನಿನ್ನ ಮುಖ ಹೇಗಾಗುತ್ತದೋ, ತಿಳಿಯದು. ಆದರೂ ನೋಡುತ್ತೇನೆ.

ಓದಿ ಮುಗಿದ ಕೂಡಲೇ ಮೊದಲು ನಿನ್ನ ಮಾಲಕರಿಗೆ ಫೋನ್ ಹಚ್ಚಿ ಹೂಂ ಅನ್ನು. ನನಗೆ ಏನು ಅನ್ನಬೇಕೋ ಆಮೇಲೆ ಅನ್ನು. ನಾನು ಎದ್ದು ಹೋಗುವುದಿಲ್ಲ.