ಕಾವ್ಯಳಿಗೆ ಇಟ್ಟ ಎಲೆ

ಸಂಜೆ ಹೊತ್ತು ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ ಅಂಗಡಿಯಿಂದ ಅಂಗಡಿಗೆ ಧೂಪ ಹಾಕಿಕೊಂಡು ಹೋಗುವವರನ್ನು ನೀವೂ ನೋಡಿರುತ್ತೀರಿ. ಆ ಸಾಂಬ್ರಾಣಿ ಹೊಗೆ ಮೂಗಿಗೆ ಬಡಿದರೆ ಸಾಕು, ಸೊಪ್ಪಿನ ಚೀಲ ಹಿಡಿದುಕೊಂಡು ನಡುಬೀದಿಯಲ್ಲೇ ನಿಂತುಬಿಡುತ್ತೇನೆ. ಹಿಂದಿನಿಂದ ಬಂದವರು "ಮೇಡಂ, ಸ್ವಲ್ಪ ಜಾಗ ಬಿಡಿ" ಎಂದು ಗೊಣಗುತ್ತಾರೆ. ನಾನು ಮಾತ್ರ ಮಲ್ಲತ್ತಹಳ್ಳಿಯ ನಮ್ಮ ಹಳೆಯ ಮನೆಯಲ್ಲಿರುತ್ತೇನೆ. ಮಹಾಲಯ ಅಮಾವಾಸ್ಯೆ. ಗೋಡೆಗೆ ಒರಗಿಸಿದ ಹಿರಿಯರ ಫೋಟೋಗಳು, ಮುಂದೆ ಬಾಳೆ ಎಲೆ, ಎಲೆಯ ಮೇಲೆ ಸತ್ತವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದೆಲ್ಲ. ತಾತನಿಗೆ ಚಕ್ಕುಲಿ ಮತ್ತು ಒಂದು ಕಟ್ಟು ಬೀಡಿ, ದೊಡ್ಡಮ್ಮನಿಗೆ ಎಲೆಯಡಿಕೆಯ ಜೊತೆ ಕಡ್ಡಿಪುಡಿ. ಎಡೆ ಇಟ್ಟಾದ ಮೇಲೆ ಅಜ್ಜಿ ನಮ್ಮನ್ನೆಲ್ಲ ಹೊರಗೆ ಅಟ್ಟಿ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ಜಗಲಿಯ ಮೇಲೆ ಪಿಸುಗುಟ್ಟುತ್ತಾ ಕೂರುತ್ತಿದ್ದ ನಮ್ಮ ಕಡೆಗೆ ಬಾಗಿಲ ಸಂದಿಯಿಂದ ಹೊಗೆಯೂ ವಡೆಯ ವಾಸನೆಯೂ ಬರುತ್ತಿದ್ದವು.

ನಾನು ಪಿಯುಸಿಗೆ ಸೇರಿದ ವರ್ಷ, ಅಮಾವಾಸ್ಯೆಗೆ ಇನ್ನೂ ಮೂರು ವಾರ ಇದ್ದಾಗ, ನಮ್ಮ ಕಾಲೇಜಿನ ಕಾವ್ಯ ಎಂಬ ಹುಡುಗಿ ತಾನಾಗಿಯೇ ಜೀವ ಕಳೆದುಕೊಂಡಳು. ನಾನು ಎ ಸೆಕ್ಷನ್, ಅವಳು ಸಿ. ಗೋವಿಂದರಾಜನಗರದಲ್ಲಿ ಅವಳ ಮನೆ ಎಂಬುದು ಪ್ರಿನ್ಸಿಪಾಲರು ಮೈಕಿನಲ್ಲಿ ಹೇಳಿದ ಮೇಲೆ ನನಗೆ ಗೊತ್ತಾದದ್ದು. ಎರಡು ನಿಮಿಷ ಮೌನವಾಗಿ ನಿಂತೆವು, ಅರ್ಧ ದಿನ ರಜೆ ಕೊಟ್ಟರು. ಯಾಕೆ ಹಾಗಾಯಿತೆಂದು ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಮಾರನೆಯ ದಿನದಿಂದ ಕಾಲೇಜಿನ ತುಂಬ ಅವಳ ಗೆಳತಿಯರೇ. ನನಗೆ ಅವಳ ಮುಖವೇ ನೆನಪಿರಲಿಲ್ಲ, ಮೂರು ತಿಂಗಳು ಅದೇ ಮೆಟ್ಟಿಲು ಹತ್ತಿಳಿದಿದ್ದೆವಲ್ಲ, ಎಷ್ಟು ಸಲ ಭುಜ ತಾಗಿರಬೇಕು! ಅಳೋಣವೆಂದರೆ ಅಳುವುದಕ್ಕೆ ನಾನು ಯಾರು? ಆದರೆ ರಾತ್ರಿ ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯುತ್ತಿತ್ತು.

ಅಜ್ಜಿ ಎಲ್ಲ ಕೇಳಿ ತಿಳಿದುಕೊಂಡಳು. "ಅಮಾವಾಸೆಗೆ ಆ ಮಗೀಗೂ ಒಂದೆಲೆ ಇಡಾಣ ಬಿಡು" ಅಂದಳು. ಅಮ್ಮ ಬೆಚ್ಚಿದಳು. "ಯಾರೋ ಏನೋ, ಮದುವೆ ಆಗದಿರೋ ಹುಡ್ಗಿ, ಅಂಥವ್ರಿಗೆಲ್ಲ ಎಡೆ ಇಡಲ್ಲ ಅತ್ತೆ."

"ಹಸಿವಿಗೂ ಮದುವೆಗೂ ಏನೇ ಸಂಬಂಧ?" ಎಂದು ಅಜ್ಜಿ ಅವಳ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದಳು. "ಅವಳಿಗೆ ಏನಿಷ್ಟ ಇತ್ತು ಕೇಳ್ಕೊಂಡ್ ಬಾ. ಇಷ್ಟ ಇಲ್ದಿದ್ದು ಇಟ್ರೆ ಬಂದೋರು ಹಂಗೇ ಎದ್ದೋಗ್ತಾರೆ."

ಕೇಳಿದೆ. ಪ್ರಾಣಸ್ನೇಹಿತೆಯರೆಲ್ಲ ತಡವರಿಸಿದರು. ಒಬ್ಬಳು ಪಾನಿಪೂರಿ ಅಂದಳು, ಇನ್ನೊಬ್ಬಳು "ಚಾಕೊಲೇಟ್ ಇರ್ಬೋದು ಕಣೇ" ಅಂದಳು. ಅಂತೂ ಅಮಾವಾಸ್ಯೆಯ ಹಿಂದಿನ ದಿನ ಗೇಟಿನ ಹೊರಗೆ ಸೀಬೆಕಾಯಿ ಗಾಡಿಯ ಆಂಟಿಯನ್ನು ಕೇಳಿದೆ. ಸಿ ಸೆಕ್ಷನ್, ತೆಳ್ಳಗಿದ್ದಳಂತೆ, ಕನ್ನಡಕವಂತೆ, ಒಬ್ಬಳೇ ಓಡಾಡುತ್ತಿದ್ದಳಂತೆ ಎಂದೆ. ಆಂಟಿ ಚಾಕು ಕೆಳಗಿಟ್ಟಳು. "ಅಯ್ಯೋ, ಆ ಪಾಪುನಾ? ಅದ್ಕೇ ಕಾಣ್ತಾನೇ ಇಲ್ಲ! ಖಾರ ಬೇಡ ಆಂಟಿ, ಬರೀ ಉಪ್ಪು ಅಂತಿತ್ತು."

ಸೀಬೆಕಾಯಿಯನ್ನು ನಾಲ್ಕು ಹೋಳು ಮಾಡಿ, ಬರೀ ಉಪ್ಪು ಸವರಿ, ಮೂಲೆಯಲ್ಲಿ ಬೇರೆಯಾಗಿ ಹಾಕಿದ್ದ ಚಿಕ್ಕ ಎಲೆಯ ಮೇಲೆ ನಾನೇ ಇಟ್ಟೆ. ಬಾಗಿಲು ತೆರೆದಾಗ ಒಂದು ಹೋಳು ಪಕ್ಕಕ್ಕೆ ಸರಿದಿತ್ತು ಎನ್ನಿಸಿತು. ಇರುವೆಯ ಕೆಲಸವೋ, ನನ್ನ ಕಣ್ಣಿನದೋ. ಲೋಕಕ್ಕೆ ಗೊತ್ತಿಲ್ಲದ ಒಂದು ವಿಷಯ ಅವಳ ಬಗ್ಗೆ ನನಗೆ ಗೊತ್ತಿದೆ ಎಂಬ ಸಮಾಧಾನದಲ್ಲಿ ಆ ದಿನ ಹೊಟ್ಟೆ ತುಂಬ ಉಂಡೆ.

ದಸರಾ ರಜೆ ಮುಗಿದು ಕಾಲೇಜು ಶುರುವಾದಾಗ ಅದೇ ಗಾಡಿಯ ಮುಂದೆ ನಿಂತಿದ್ದೆ. ಬೆನ್ನ ಹಿಂದೆ ಒಂದು ಸಣ್ಣ ದನಿ. "ಖಾರ ಬೇಡ ಆಂಟಿ, ಬರೀ ಉಪ್ಪು."

ತಿರುಗಿ ನೋಡುವ ಧೈರ್ಯ ಬರಲಿಲ್ಲ. ಆಂಟಿ ಬಾಯಿ ತೆರೆದುಕೊಂಡು ನಿಂತಿದ್ದಳು. ತೆಳ್ಳಗಿನ, ಕನ್ನಡಕದ ಹುಡುಗಿ ಡೆಂಗ್ಯೂ ಬಂದು ತಿಂಗಳು ಮಲಗಿದ್ದೆ ಎಂದು ಆಂಟಿಗೆ ಹೇಳಿ, ಸೀಬೆಕಾಯಿ ತೆಗೆದುಕೊಂಡು ಒಬ್ಬಳೇ ಹೊರಟುಹೋದಳು. ಬದುಕಿರುವವಳ ಇಷ್ಟವನ್ನು ಸತ್ತವಳ ಎಲೆಗೆ ಇಟ್ಟಿದ್ದೆ. ಇವಳಿಗೇನಾದರೂ ಆದರೆ?

ಮನೆಗೆ ಬಂದು ಅಜ್ಜಿಯ ಮಡಿಲಿಗೆ ಬಿದ್ದು ಅತ್ತೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅಜ್ಜಿ ಸೆರಗಿನಿಂದ ನನ್ನ ಮುಖ ಒರೆಸಿ, "ಅವಳ ಹೆಸರೇನು?" ಅಂದಳು.

"ಗೊತ್ತಿಲ್ಲ."

"ಸತ್ತೋಳಿಗೆ ಏನಿಷ್ಟ ಅಂತ ಕಾಲೇಜೆಲ್ಲ ಸುತ್ತಿದೀಯ. ಬದುಕಿರೋಳ ಹೆಸರು ಕೇಳಕ್ಕೇನು ರೋಗ ನಿಂಗೆ? ನಾಳೆ ಮಾತಾಡ್ಸು, ಹೋಗು."

"ಕಾವ್ಯಂಗೆ ಏನಿಡೋದಜ್ಜಿ ಇನ್ಮೇಲೆ?"

"ಗೊತ್ತಿಲ್ಲ ಅಂದ್ಮೇಲೆ ಉಪ್ಪಿಡು. ಉಪ್ಪಿಗಿಂತ ರುಚಿ ಇಲ್ಲ."

ಹೆಸರು ಸುಷ್ಮಾ. ಮೊದಮೊದಲು ನಾನು ಅವಳ ಹಿಂದೆ ಬಿದ್ದದ್ದು ಸ್ನೇಹಕ್ಕಲ್ಲ, ಭಯಕ್ಕೆ. ಅವಳು ಒಂದು ದಿನ ಬರದಿದ್ದರೆ ಮಧ್ಯಾಹ್ನದೊಳಗೆ ಫೋನ್ ಮಾಡುತ್ತಿದ್ದೆ. "ನೀನೇನೇ, ನಮ್ಮಮ್ಮನಿಗಿಂತ ಕಡೆ" ಎಂದು ನಗುತ್ತಿದ್ದಳು. ಭಯ ಯಾವಾಗ ಸ್ನೇಹವಾಯಿತೋ ನೆನಪಿಲ್ಲ.

ಜಗಲಿ, ನಡುಮನೆ ಎಲ್ಲ ಒಡೆದು ಅಲ್ಲೀಗ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ, ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಅಜ್ಜಿಯೂ ಫೋಟೋ ಆಗಿದ್ದಾಳೆ. ಅಮಾವಾಸ್ಯೆಗೆ ನಮ್ಮ ಬಾಡಿಗೆ ಮನೆಯ ರೂಮಿನಲ್ಲಿ ಎರಡು ಎಲೆ ಹಾಕುತ್ತೇನೆ. ಅಜ್ಜಿಯ ಎಲೆ ತುಂಬಿ ಹೋಗುತ್ತದೆ, ಅವಳ ಇಷ್ಟಗಳು ಒಂದೇ ಎರಡೇ. ಪಕ್ಕದ ಚಿಕ್ಕ ಎಲೆಯ ತುದಿಯಲ್ಲಿ ಒಂದು ಚಿಟಿಕೆ ಉಪ್ಪು ಮಾತ್ರ. ಇಷ್ಟು ವರ್ಷವಾದರೂ ಅದಕ್ಕೆ ಸೇರಿಸಲು ನನಗೆ ಇನ್ನೊಂದು ಪದಾರ್ಥ ಸಿಕ್ಕಿಲ್ಲ. ಕ್ಷಮಿಸು ಕಾವ್ಯ ಎಂದು ಬಾಗಿಲು ಎಳೆದುಕೊಂಡು ಹೊರಗೆ ಬರುತ್ತೇನೆ. ಒಳಗೆ ಅವರು ಉಣ್ಣುವಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತು ಸುಷ್ಮಾಗೆ ಫೋನ್ ಮಾಡುತ್ತೇನೆ. ಪ್ರತಿ ವರ್ಷ ಇದೇ ದಿನ ಯಾಕೆಂದು ಅವಳಿಗೆ ನಾನು ಹೇಳಿಲ್ಲ. ರಿಂಗ್ ಆಗುತ್ತಲೇ ಇರುತ್ತದೆ, ಅವಳು ಎತ್ತುವುದು ಯಾವಾಗಲೂ ತಡ. "ಹೇಳೇ" ಎಂಬ ದನಿ ಕೇಳಿದ ಮೇಲೆಯೇ ನಾನು ಎದ್ದು ಬಾಗಿಲು ತೆಗೆಯುವುದು.