ಸುಗಲವ್ವ ಅತ್ತಿ ಫೀಜು ಹಾಕಿದ್ದು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ನಿಮಗೂ ಕಡೆಯ ತನಕ ಕಾಯುವ ತ್ರಾಸಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಸುಗಲವ್ವ ಅತ್ತಿಯ ಎರಡು ಮಗ್ಗಗಳು ಒಂದು ದಿನ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಸುಮ್ಮನೆ ನಿಂತವು. ಊರಿಗೆಲ್ಲ ಕರೆಂಟು ಇತ್ತು, ಮನೆಯಲ್ಲಿ ನೂಲೂ ಇತ್ತು. ನಿಂತದ್ದು ನಾನು ಬಚ್ಚಲಲ್ಲಿ ಕೂತು, ಮೈಗೆ ಸಾಬೂನು ಹಚ್ಚಿಕೊಳ್ಳುತ್ತ, ಇನ್ನೊಬ್ಬರ ದನಿಯಲ್ಲಿ ‘ಬಂದೆನವಾ’ ಎಂದದ್ದರಿಂದ.

ನೆನಪಾದದ್ದು ಇವತ್ತು ಬೆಳಿಗ್ಗೆ, ಮುಧೋಳದ ನನ್ನ ಬಾಡಿಗೆ ಕೋಣೆಯಲ್ಲಿ, ಒಂದು ವಾಸನೆಯಿಂದ. ಆಫೀಸಿಗೆ ಹೊತ್ತಾಗಿತ್ತು. ಅಂಗಿ ಹಾಸಿ ಇಸ್ತ್ರಿ ಹಚ್ಚಿದ್ದೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಫಟ್’ ಎಂದು ಸಣ್ಣ ಸಪ್ಪಳವಾಯಿತು, ಬೆನ್ನಿಗೇ ಸುಟ್ಟ ತಂತಿಯ ವಾಸನೆ ಬಂತು. ನಿಮಗೂ ಆ ವಾಸನೆ ಗೊತ್ತಿದ್ದೀತು: ಅನ್ನ ಸೀದದ್ದಲ್ಲ, ಅರಿವೆ ಸುಟ್ಟದ್ದಲ್ಲ, ಮೂಗಿನ ತುದಿಗೆ ಯಾರೋ ಬಿಸಿ ತಾಮ್ರ ಹಿಡಿದಂತೆ. ಮೊದಲ ಗಳಿಗೆಯಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಯಾರನ್ನಾದರೂ ಕರೆಯಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿ ನೆನಪಾಗಿ ಬಾಯಿ ಮುಚ್ಚಿದೆ.

ಸುಗಲವ್ವ ನನ್ನ ಅಪ್ಪನ ಒಡಹುಟ್ಟಿದವಳಲ್ಲ, ಪಕ್ಕದ ಮನೆಯಾಕೆ. ಆದರೆ ನಮ್ಮ ಕಡೆ ಪಕ್ಕದ ಮನೆಯಾಕೆಯನ್ನು ಅತ್ತಿ ಅಂದರೆ ಆಕೆ ನಿಮ್ಮನ್ನು ಅಳಿಯಾ ಅನ್ನುತ್ತಾಳೆ. ಅಲ್ಲಿಗೆ ಇಬ್ಬರಿಗೂ ಒಬ್ಬರನ್ನೊಬ್ಬರು ಕಾಡುವ ಪರವಾನಗಿ ಸಿಕ್ಕಿಬಿಡುತ್ತದೆ. ಆಕೆಯ ಗಂಡ, ಅಂದರೆ ಮಾಮಾ, ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ, ಹಬ್ಬಕ್ಕೊಮ್ಮೆ ಬರುತ್ತಿದ್ದ. ಮನೆಯ ಪಡಸಾಲೆಯಲ್ಲಿದ್ದ ಎರಡೂ ಪವರ್‌ಲೂಮ್‌ಗಳನ್ನು ಅತ್ತಿ ಒಬ್ಬಳೇ ನಡೆಸುತ್ತಿದ್ದಳು. ರಬಕವಿಯ ಸಾವಕಾರ ಹಾಸಿನ ನೂಲು ಸುತ್ತಿದ ಬೀಮು ಕಳಿಸುತ್ತಿದ್ದ, ಈಕೆ ಸೀರೆ ನೇಯ್ದು ಕೊಡುತ್ತಿದ್ದಳು. ಆ ಮನೆಯಲ್ಲಿ ಚಹಾದ ಬಸಿ ನೆಲದ ಮೇಲಿಟ್ಟರೆ ಮಗ್ಗದ ನಡುಕಕ್ಕೆ ತಾನೇ ಒಂದು ಗೇಣು ಸರಿಯುತ್ತಿತ್ತು. ಹಗಲೆಲ್ಲ ಮಗ್ಗಗಳ ಸಪ್ಪಳದಲ್ಲಿ ಮಾತಾಡಿ ಮಾತಾಡಿ ನಮ್ಮ ಓಣಿಯವರ ದನಿಗಳೆಲ್ಲ ಒಂದು ಮೆಟ್ಟಿಲು ಮೇಲೆಯೇ ಇರುತ್ತವೆ. ಜಮಖಂಡಿ ಬಸ್ಸಿನಲ್ಲಿ ಗುಟ್ಟು ಹೇಳುವಾಗ ಡ್ರೈವರ್ ಹೊರಳಿ ನೋಡಿದನೆಂದರೆ ಗುಟ್ಟು ಹೇಳಿದವ ಬನಹಟ್ಟಿಯವ.

ದನಿಗಳ ವಿಷಯದಲ್ಲಿ ನಾನು ಸ್ವಲ್ಪ ಪ್ರವೀಣ. ಬಸ್ಸಿನ ಕಂಡಕ್ಟರು, ಕಾಲೇಜಿನ ಭೌತಶಾಸ್ತ್ರದ ಸರು, ಊಟಕ್ಕೆ ಕೂತಾಗ ತಪ್ಪದೆ ಕೆಮ್ಮುವ ನಮ್ಮಪ್ಪ, ಯಾರದಾದರೂ ತೆಗೆಯುತ್ತಿದ್ದೆ. ಒಮ್ಮೆ ಗೆಳೆಯನ ಟೇಪ್ ರೆಕಾರ್ಡರಿನಲ್ಲಿ ನನ್ನದೇ ದನಿ ಕೇಳಿದಾಗ ಮಾತ್ರ, ಇದನ್ನು ಯಾರಾದರೂ ಅಣಕಿಸಿದರೆ ಬಹಳ ಸುಲಭ ಎನಿಸಿ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಮೀರಾಸಾಬಣ್ಣನ ದನಿ ಕಲಿತೆ.

ಮೀರಾಸಾಬಣ್ಣ ನಮ್ಮ ಓಣಿಯ ವಾಯರಮನ್. ಮಗ್ಗದ ಮೋಟಾರು ಕೆಟ್ಟರೆ ಅದರ ತಂತಿ ಸುತ್ತುತ್ತಿದ್ದ, ಫ್ಯೂಸು ಹೋದರೆ ಹಾಕುತ್ತಿದ್ದ. ಫ್ಯೂಸನ್ನು ನಾವು ಫೀಜು ಎನ್ನುತ್ತೇವೆ. ನೀವೂ ಈಗ ಹಾಗೇ ಓದಿಕೊಳ್ಳಿ. ಅವನ ಮನೆ ನಮ್ಮ ಹಿತ್ತಲಿನ ಆಚೆ. ಫೀಜು ಹೋದವರು ತಮ್ಮ ಅಂಗಳದಲ್ಲೇ ನಿಂತು ಕೂಗುವುದು, ಅವನು ಅಲ್ಲಿಂದಲೇ ಗಂಟಲು ಸರಿಮಾಡಿಕೊಂಡು ‘ಬಂದೆನವಾ ಬಂದೆ’ ಎನ್ನುವುದು, ಆಮೇಲೆ ಸಾವಕಾಶವಾಗಿ ಸೈಕಲ್ಲು ನೂಕಿಕೊಂಡು ಬರುವುದು. ಬೋರ್ಡಿನಿಂದ ಆ ಬಿಳಿ ಪಿಂಗಾಣಿ ತುಂಡನ್ನು ಕಿತ್ತು, ಗೋಡೆಗೆ ಮುಖ ಮಾಡಿ ಏನೋ ಮಾಡಿ, ಮತ್ತೆ ಸಿಕ್ಕಿಸುತ್ತಿದ್ದ. ಮಗ್ಗ ಮಾತಾಡುತ್ತಿತ್ತು. ಅವನು ಏನು ಮಾಡಿದ ಎಂದು ಯಾರೂ ಇಣುಕಿ ನೋಡಿದವರಲ್ಲ. ಈಗ ಯೋಚಿಸಿದರೆ ನನಗೆ ಇದೇ ಸೋಜಿಗ. ಮನೆಮನೆಗೆ ಮೋಟಾರಿದ್ದ ಓಣಿ ನಮ್ಮದು. ಕೆಟ್ಟ ರೇಡಿಯೋ ಬಿಚ್ಚುತ್ತಿದ್ದೆವು, ನೆಟ್ಟಗಿದ್ದ ಗಡಿಯಾರ ಬಿಚ್ಚಿ ಕೆಡಿಸುತ್ತಿದ್ದೆವು. ಹೆಬ್ಬೆರಳಷ್ಟು ಪಿಂಗಾಣಿಯ ಹೊಟ್ಟೆಯಲ್ಲಿ ಏನಿದೆ ಎಂಬ ಪ್ರಶ್ನೆ ಮಾತ್ರ ಒಬ್ಬರಿಗೂ ಏಳಲಿಲ್ಲ. ಅದು ಮೀರಾಸಾಬಣ್ಣನ ಕೆಲಸ, ಅಷ್ಟೇ.

ಆ ದಿನ ಮುಂಜಾನೆ ಅತ್ತಿಯ ಮನೆಯ ಸಪ್ಪಳ ತಟ್ಟನೆ ನಿಂತಿತು. ಹಿಂದೆಯೇ ಆಕೆಯ ಕೂಗು ನಮ್ಮ ಬಚ್ಚಲ ಮೇಲಿನಿಂದ ಹಾದುಹೋಯಿತು.

“ಮೀರಾಸಾಬಣ್ಣಾ, ಫೀಜ ಹೋಗೇತಿ. ಲಗೂನ ಬಾರೋ.”

ಉತ್ತರ ಬರಲಿಲ್ಲ. ಖಾಲಿ ಬಿದ್ದ ಜಾಗ ಕಂಡರೆ ನನ್ನ ಗಂಟಲು ಕಡಿಯುತ್ತದೆ. ಕೆಮ್ಮಿದೆ, ಮೂಗಿನಲ್ಲಿ ಸ್ವಲ್ಪ ತಂಬಾಕು ಬೆರೆಸಿದಂತೆ ಮಾಡಿದೆ.

“ಬಂದೆನವಾ ಬಂದೆ. ನೀ ಕಂಡಕಿ ಸುತ್ತಕೋತ ಕುಂದ್ರು, ಬಂದೆ.”

ಬಹಳ ಚೆನ್ನಾಗಿ ಬಂದಿತ್ತು. ಹೊರಗೆ ಬಂದು ಹೇಳಿ ನಗಿಸಬೇಕೆಂದೇ ಇತ್ತು. ಅಷ್ಟರಲ್ಲಿ ಅವ್ವ ರೊಟ್ಟಿ ಆರುತ್ತದೆಂದಳು, ಬಸ್ಸಿನ ಹಾರ್ನು ಕೇಳಿಸಿತು. ನಾನು ಜಮಖಂಡಿಗೆ ಕಾಲೇಜಿಗೆ ಹೋದೆ.

ಮಧ್ಯಾಹ್ನ ತಿರುಗಿ ಬಂದಾಗ ಓಣಿಯ ಬಾಯಲ್ಲೇ ತಿಳಿಯಿತು, ಸಪ್ಪಳದಲ್ಲಿ ಒಂದು ಹಲ್ಲು ಬಿದ್ದಿದೆ. ಅತ್ತಿ ಹೊಸ್ತಿಲ ಮೇಲೆ ಕೂತಿದ್ದಳು. ನೂಲು ಸುತ್ತಿದ ಕಂಡಿಕೆಗಳು ಬುಟ್ಟಿ ತುಂಬಿ ಹೊರಗೆ ಉರುಳುತ್ತಿದ್ದವು. ಮಗ್ಗಕ್ಕೊಂದರಂತೆ ಎರಡು ಸೀರೆಗಳು ಅರ್ಧಕ್ಕೇ ನಿಂತಿದ್ದವು. ಬೀಳಗಿಯ ಒಂದು ಮದುವೆಯಲ್ಲಿ ಉಡುಗೊರೆ ಕೊಡುವ ಆಯೇರಿ ಸೀರೆಗಳು ಅವು. ಉಳಿದವೆಲ್ಲ ಮಡಚಿಟ್ಟಾಗಿತ್ತು, ಕಡೆಯ ಎರಡು ಮಾತ್ರ ಬಾಕಿ. ಸಾವಕಾರ ಸಂಜೆಯ ಬಸ್ಸಿಗೆ ಗಂಟು ಕಳಿಸಬೇಕು. ‘ಗಂಡಸರಿಲ್ಲದ ಮನಿ, ವ್ಯಾಳೇಕ್ಕ ಮಾಲ ಸಿಗೂದಿಲ್ಲ’ ಎಂದು ಅವನು ಹಿಂದಿನ ವಾರವಷ್ಟೇ ನಾಲ್ಕು ಜನರ ಮುಂದೆ ಅಂದಿದ್ದ. ಇವತ್ತು ತಪ್ಪಿದರೆ ಮುಂದಿನ ಬೀಮು ಬೇರೆ ಮನೆಗೆ. ಬೀಮಿಲ್ಲದ ಮೇಲೆ ಮಗ್ಗವೇಕೆ? ಅವನ್ನು ಮಾರಿ ಸೊಲ್ಲಾಪುರಕ್ಕೆ ಬಾ ಎಂದು ಮಾಮಾ ಆಗಲೇ ಎರಡು ಕಾಗದ ಬರೆದಿದ್ದ. ಅತ್ತಿಗೆ ತನ್ನ ಮಗ್ಗ ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಇದೆಲ್ಲ ಓಣಿಗೇ ಗೊತ್ತು, ನನಗೂ ಗೊತ್ತು.

“ಬಂದೆ ಅಂದಾಂವ ಇನ್ನ ಬಂದಿಲ್ಲ ನೋಡ ಅಳಿಯಾ. ಬರೂದಿಲ್ಲ ಅಂದಿದ್ರ ನಾ ರಬಕವಿಗೆ ಹೋಗಿ ಬ್ಯಾರೆದಾಂವನ ಕರಕೊಂಡ ಬರ್ತಿದ್ದೆ. ಈಗ ಕೇಳಿದ್ರ, ಅಂವ ನಸಿಕಿನ್ಯಾಗನ ಲೋಕಾಪುರಕ್ಕ ಹೋಗ್ಯಾನಂತ. ಮತ್ತ ಮುಂಜಾನಿ ಓ ಅಂದಾಂವ ಯಾರು?”

ಸುಳ್ಳು ಹೇಳಲು ಬೇಕಾದಷ್ಟು ದನಿಗಳು ನನ್ನ ಹತ್ತಿರ ಇದ್ದವು. ಒಂದೂ ಏಳಲಿಲ್ಲ.

“ಅತ್ತಿ, ಅಂದಾಂವ ನಾ.”

ಬೈಯುತ್ತಾಳೆಂದು ಕಾದೆ, ಬೈದರೆ ಚೆನ್ನಾಗಿತ್ತು.

“ಬಂದೆ ಅಂದಾಂವ ನೀನ ಆದ್ರ, ನೀನ ಬಾ. ಹಾಕು.”

ನಾನು ಬಿ.ಎಸ್ಸಿ. ವಿದ್ಯಾರ್ಥಿ. ಫ್ಯೂಸಿನ ವ್ಯಾಖ್ಯೆ ಬರೆದು, ಪಕ್ಕದಲ್ಲಿ ಚಿತ್ರ ತೆಗೆದು, ಪೂರಾ ಅಂಕ ಪಡೆದವನು. ಬೋರ್ಡಿನ ಮುಂದೆ ಮಣೆ ಹಾಕಿ, ಅಪ್ಪನ ರಬ್ಬರ್ ಚಪ್ಪಲಿ ಮೆಟ್ಟಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಪಠ್ಯಪುಸ್ತಕದ ಚಿತ್ರದಲ್ಲಿ ಕರೆಂಟು ಬಾಣದ ಗುರುತಿನ ದಿಕ್ಕಿನಲ್ಲಿ ಸಭ್ಯವಾಗಿ ಹೋಗುತ್ತಿತ್ತು. ಇಲ್ಲಿ ಬಾಣವೇ ಕಾಣಲಿಲ್ಲ.

“ಪೂಜಿ ಮಾಡಾಕತ್ತಿ ಏನ? ಸರಿ ಅತ್ಲಾಗ,” ಎಂದಳು ಅತ್ತಿ.

ಮೀರಾಸಾಬಣ್ಣ ಏನು ಮಾಡುತ್ತಾನೆಂದು ಆಕೆಯೂ ನೋಡಿರಲಿಲ್ಲ. ಆದರೆ ಎಲ್ಲಕ್ಕಿಂತ ಮೊದಲು ಮೇನ್ ಸ್ವಿಚ್ಚಿನ ‘ಟಕ್’ ಸಪ್ಪಳ ಬರುವುದನ್ನು ಕೇಳಿದ್ದಳು. ಮೇನ್ ಇಳಿಸಿದಳು. ಪಿಂಗಾಣಿ ತುಂಡು ಕಿತ್ತು ಬೆಳಕಿಗೆ ತಂದಳು. ಒಳಗೆ ಎರಡು ಸಣ್ಣ ಸ್ಕ್ರೂ, ನಡುವೆ ಕೂದಲೆಳೆಯಂಥ ತಂತಿ ಹರಿದಿತ್ತು.

“ಇಷ್ಟ ಏನ?” ಎಂದಳು. ಆ ಎರಡು ಶಬ್ದದಲ್ಲಿ ಇಷ್ಟು ವರ್ಷ ಕಾದ ಎಲ್ಲ ಮುಂಜಾನೆಗಳೂ ಇದ್ದವು.

ಆಮೇಲೆ ಆಕೆ ಮಾಡಿದ ತಪ್ಪು ನೇಕಾರರು ಮಾತ್ರ ಮಾಡಬಲ್ಲ ತಪ್ಪು. ಹರಿದ ಎಳೆ ಕಂಡರೆ ನೇಕಾರರ ಬೆರಳು ತಡೆಯುವುದಿಲ್ಲ. ಉಗುರಿನಿಂದ ಎರಡೂ ತುದಿ ಎಳೆದು, ಎಂಜಲು ಹಚ್ಚಿ, ಕಣ್ಣಿಗೆ ಕಾಣದಂಥ ಗಂಟು ಹಾಕಿದಳು. ಸಿಕ್ಕಿಸಿದಳು, ಮೇನ್ ಏರಿಸಿದಳು. ಮೊದಲ ಮಗ್ಗ ನಡೆಯಿತು. ಎರಡನೆಯದರ ಮೋಟಾರು ಒಮ್ಮೆ ಹೂಂಕರಿಸಿತು, ಫಟ್ ಎಂದಿತು, ಎರಡೂ ನಿಂತವು. ಆ ವಾಸನೆ ಮನೆ ತುಂಬಿತು.

“ಗಂಟು ಘಟ್ಟಿ ಇತ್ತಲ್ಲೋ,” ಎಂದಳು. ಬೇಸರವಿರಲಿಲ್ಲ, ಹೊಸ ಬಣ್ಣದ ನೂಲು ಕಂಡಾಗಿನ ಮುಖವಿತ್ತು. “ಯಾಕ ಸುಡತೈತಿ ಇದು?”

“ಅತ್ತಿ, ದಪ್ಪ ತಂತಿ ಮೂರು ಸುತ್ತು ಹಾಕೂಣು. ಮತ್ತ ಎಂದೂ ಸುಡೂದಿಲ್ಲ.”

“ಅದು ಸುಡಲಿಲ್ಲಂದ್ರ ಮತ್ತೇನ ಸುಡತೈತಿ?”

ಪರೀಕ್ಷೆಯಲ್ಲಿ ನಾನು ಎರಡು ಸಾಲು ಬರೆದದ್ದು ಇದನ್ನೇ. ಬರೆದಾಗ ಅದು ಉತ್ತರವಾಗಿತ್ತು. ಪ್ರಶ್ನೆಯಾಗಿ ಕೇಳಿದ್ದು ಅವತ್ತೇ ಮೊದಲು.

ಅತ್ತಿ ನನ್ನನ್ನು ಬಿಟ್ಟು ಎರಡನೆಯ ಮಗ್ಗದ ಕೆಳಗೆ ಬಗ್ಗಿದಳು. ತಾನು ಹರಿದು ಏನನ್ನೋ ಹೇಳುತ್ತಿದೆ ಈ ತಂತಿ ಎಂದು ಆಕೆಗೆ ಹೊಳೆದಿತ್ತು. ಹೇಳುವುದೇನು, ನೋಡಿದರಾಯಿತು. ಮೋಟಾರಿನ ಗಾಲಿಯ ಸಂದಿಯಲ್ಲಿ ಕಸನೂಲು ಸುತ್ತಿ ಸುತ್ತಿ ಹಗ್ಗವಾಗಿ ಬಿಗಿದಿತ್ತು. ಬ್ಲೇಡಿನಿಂದ ಕೊಯ್ದು ಹೊರಗೆ ಎಳೆದಳು. ಕೈಯಿಂದ ತಿರುಗಿಸಿದರೆ ಗಾಲಿ ಹಗುರಾಗಿ ಹೊರಳಿತು.

ಬೋರ್ಡಿನ ಮೊಳೆಗೆ ಮೀರಾಸಾಬಣ್ಣ ಸುತ್ತಿಟ್ಟ ಎರಡು ತರದ ತಂತಿಗಳಿದ್ದವು, ಒಂದು ತೆಳುವು, ಒಂದು ದಪ್ಪ. ಯಾವುದು? ಅತ್ತಿ ಸುಟ್ಟ ತುಂಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕಿದಳು. ಆಮೇಲೆ ಒಂದೊಂದಾಗಿ ಅವನ್ನೂ ಹೊಸಕಿದಳು. ಕಣ್ಣು ಮುಚ್ಚಿದ್ದವು. ಬಂದ ನೂಲು ಎಷ್ಟನೆಯ ನಂಬರಿನದೆಂದು ಆಕೆ ದಿನಾ ನೋಡುತ್ತಿದ್ದುದು ಹೀಗೆಯೇ. “ಇದ,” ಎಂದು ತೆಳುವಾದದ್ದನ್ನು ಕಿತ್ತಳು. ಈ ಸಲ ಗಂಟಿಲ್ಲ, ಒಂದೇ ಎಳೆ. ಸ್ಕ್ರೂ ತಿರುವಲು ನನಗೆ ಚಾಕು ಕೊಟ್ಟಳು, ನಾನು ಬೀಳಿಸಿದೆ, ಕಸಿದುಕೊಂಡು ತಾನೇ ತಿರುವಿದಳು.

ಎರಡೂ ಮಗ್ಗ ನಡೆದವು. ನೆಲ ನಡುಗಿತು.

ಈಗ ನೀವು ಕೇಳಬಹುದು: ಇವತ್ತು ಬೆಳಿಗ್ಗೆ ನೀನೇನು ಮಾಡಿದೆಯಪ್ಪಾ? ಮೇನ್ ಇಳಿಸಿದೆ. ಆಮೇಲೆ ಸುಮಾರು ಹೊತ್ತು, ಇಳಿದಿದೆಯೋ ಇಲ್ಲವೋ ಎಂದು ಅದನ್ನೇ ನೋಡಿದೆ. ತಂತಿ ಮುಟ್ಟುವ ಮೊದಲು ಇಸ್ತ್ರಿಯನ್ನು ತಿರುವಿ ನೋಡಿದೆ. ವಾಯರು ಹಿಡಿಕೆಯ ಹತ್ತಿರ ಜಜ್ಜಿಹೋಗಿತ್ತು. ಅದನ್ನು ಬದಿಗಿಟ್ಟು, ಸುಟ್ಟ ತುಂಡು ಹೊಸಕಿ, ಅದೇ ದಪ್ಪದ ಎಳೆ ಹಾಕಿದೆ. ನನ್ನ ಬೆರಳಿಗೆ ಅಷ್ಟು ಬುದ್ಧಿ ಇಲ್ಲ, ಮೂರು ಸಲ ಹೊಸಕಬೇಕಾಯಿತು. ದೀಪ ಹತ್ತಿತು. ಮುದ್ದೆಯಾದ ಅಂಗಿಯಲ್ಲೇ ಆಫೀಸಿಗೆ ಹೋದೆ. ಸಾಹೇಬರು ಅಂಗಿ ನೋಡಿದರು, ನಾನು ಬೆರಳು ನೋಡಿಕೊಂಡೆ. ಮೂವತ್ತರ ಹತ್ತಿರ ಬಂದ ಮನುಷ್ಯ ಇಷ್ಟಕ್ಕೆ ಹಿಗ್ಗಬಾರದು, ಹಿಗ್ಗಿದೆ.

ಲೋಕಾಪುರದಿಂದ ಬಂದ ಮೀರಾಸಾಬಣ್ಣ ಎಲ್ಲ ಕೇಳಿ, “ಛಲೋ ಆತು, ನನ್ನ ಮಣಕಾಲ ಉಳದ್ವು,” ಎಂದ. ಆದರೆ ಅದು ಮರುದಿನ. ಅದಕ್ಕೂ ಮೊದಲು, ಅವತ್ತೇ ಸಂಜೆ, ಸಾವಕಾರ ಬಂದಿದ್ದ. ಕಡೆಯ ಸೀರೆಗೆ ಇನ್ನೂ ಎರಡು ಗೇಣು ಸೆರಗು ಉಳಿದಿತ್ತು. ಅವನು ಹೊಸ್ತಿಲಲ್ಲಿ ನಿಂತು ಕೈಗಡಿಯಾರ ನೋಡುತ್ತ ಚಹಾ ಕುಡಿದ. ಸೀರೆ ಕತ್ತರಿಸಿ ಬಂತು, ಮಡಚಿ ಗಂಟಿಗೆ ಸೇರಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅಷ್ಟಕ್ಕೆ ಹೋಗಬಹುದಿತ್ತು, ಹೋಗಲಿಲ್ಲ.

“ಈ ಸಲ ಆತು ತಂಗೆವ್ವಾ. ಮುಂಜಾನಿಂದ ಮಗ್ಗ ನಿಂತಿತ್ತಂತ ಓಣ್ಯಾಗ ಕೇಳೇನಿ. ಮುಂದಿನ ಬೀಮ ನಾ ಬ್ಯಾರೆ ಕಡೆ ಕಳಸ್ತೇನಿ. ಸಿಟ್ಟಿಗೇಳಬ್ಯಾಡ.”

ನಾನು ನಡುವೆ ಹೋಗಿ, ನಿಂತದ್ದು ನನ್ನಿಂದ ಎಂದೆ. ಹೇಗೆ ಎಂದ. ಮೀರಾಸಾಬಣ್ಣನ ದನಿಯಲ್ಲಿ ಅಂದು ತೋರಿಸಿದೆ. ಅವನು ಗಲ್ಲ ಅಲ್ಲಾಡುವಂತೆ ನಕ್ಕ. ಆದರೂ ಹಟ ಬಿಡಲಿಲ್ಲ. ಅತ್ತಿಯ ಕಡೆ ಹೊರಳಿದ.

“ಇರಲಿ. ನಾಳೆ ಮತ್ತ ಫೀಜ ಹೋಕ್ಕತಿ. ಮನ್ಯಾಗ ಗಂಡಸರಿಲ್ಲ, ಮೀರಾಸಾಬ ಊರಾಗಿಲ್ಲ. ಆವಾಗ ಯಾರ್ನ ಕರೀತಿ?”

ಅತ್ತಿ ಹೊಸ ಕಂಡಿಕೆಯನ್ನು ಲಾಳಿಯೊಳಗೆ ಒತ್ತಿ ಕೂಡಿಸಿದಳು. ಮುಖ ಎತ್ತಲಿಲ್ಲ.

“ಕರಿಯೂದ ಬಿಟ್ಟೇನ್ರಿ ಸಾವಕಾರ್ರ. ಮೇನ ಇಳಸ್ತೇನಿ, ಫೀಜ ನಾನ ಹಾಕ್ತೇನಿ.”